ಪೊಲೊನ್ನರುವದಲ್ಲಿ ಪರಾಕ್ರಮಬಾಹುವಿನ ಕಾಲವನ್ನು ನೋಡುವುದು ಹೇಗೆ

ಶ್ರೀಲಂಕಾದ ಪೊಲೊನ್ನರುವಕ್ಕೆ ಹೋದವರಲ್ಲಿ ತುಂಬಾ ಜನ ನೇರ ಗಲ್ ವಿಹಾರಕ್ಕೆ ಹೋಗಿ, ಮಲಗಿದ ಬುದ್ಧನ ಫೋಟೋ ತೆಗೆದು ಬಸ್ ಹತ್ತಿಬಿಡುತ್ತಾರೆ. ನನಗೆ ಅದು ಬೇಜಾರಿನ ವಿಷಯ. 1153ರಿಂದ 1186ರವರೆಗೆ ಇಲ್ಲಿಂದ ಆಳಿದ ರಾಜ ಒಂದನೇ ಪರಾಕ್ರಮಬಾಹು ಏನು ಮಾಡಿದ ಅಂತ ತಿಳಿಯಬೇಕಾದರೆ ಕೆರೆಯಿಂದ ಶುರು ಮಾಡಿ.

ಬೆಳಿಗ್ಗೆ ಬೇಗ ಪರಾಕ್ರಮ ಸಮುದ್ರ ಎಂಬ ಆ ಕೆರೆಯ ಏರಿ ಮೇಲೆ ನಿಲ್ಲಿ. ಸುಮಾರು 2,500 ಹೆಕ್ಟೇರ್ ನೀರು! ಮೊದಲೇ ಇದ್ದ ಕೆರೆಗಳನ್ನು ಒಂದುಗೂಡಿಸಿ, ಅಂಬನ್ ಗಂಗಾ ನದಿಯಿಂದ ಕಾಲುವೆ ತಂದು ತುಂಬಿಸಿದ್ದು. ಮಳೆಯ ಒಂದು ಹನಿಯೂ ಜನರಿಗೆ ಉಪಯೋಗವಾಗದೆ ಕಡಲು ಸೇರಬಾರದು ಎಂದು ಅವನು ಹೇಳಿದ್ದಾಗಿ ಚೂಳವಂಶ ಎಂಬ ಶ್ರೀಲಂಕಾದ ಹಳೆಯ ರಾಜಚರಿತ್ರೆಯಲ್ಲಿದೆ. ಕೆರೆಯ ನೀರು ಗದ್ದೆಗೆ ಹೋಯಿತು, ಗದ್ದೆಯ ಭತ್ತ ಕಲ್ಲುಕುಟಿಗರ ಹೊಟ್ಟೆ ತುಂಬಿಸಿತು. ಮುಂದೆ ನೀವು ನೋಡುವ ವಿಗ್ರಹಗಳೆಲ್ಲ ಈ ನೀರಿನ ಬಲದಿಂದಲೇ ಎದ್ದವು ಅನ್ನುವುದು ನನ್ನ ನಂಬಿಕೆ.

ಏರಿಯ ದಕ್ಷಿಣಕ್ಕೆ, ಪೊತ್ಗುಲ್ ವಿಹಾರದ ಹತ್ತಿರ, ಬಂಡೆಯಲ್ಲಿ ಕೆತ್ತಿದ ಗಡ್ಡದ ಮನುಷ್ಯನಿದ್ದಾನೆ. ರಾಜನೇ ಅಂತ ಜನ ಹೇಳುತ್ತಾರೆ, ಋಷಿ ಅನ್ನುವವರೂ ಇದ್ದಾರೆ. ಅವನ ಕೈ ಗಮನಿಸಿ: ಹಿಡಿದಿರುವುದು ತಾಳೆಗರಿಯೋ ನೊಗವೋ ಅಂತ ಇನ್ನೂ ಚರ್ಚೆಯಿದೆ.

ಆಮೇಲೆ ಮ್ಯೂಸಿಯಂ. ಕಟ್ಟಡಗಳು ಚಾವಣಿ ಸಮೇತ ಹೇಗಿದ್ದಿರಬಹುದು ಅಂತ ತೋರಿಸುವ ಮಾದರಿಗಳಿವೆ, ಅವನ್ನು ಬಿಡಬೇಡಿ. ಅಲ್ಲಿಂದ ಮುಂದೆ ಬಾಡಿಗೆ ಸೈಕಲ್ ಸಾಕು, ದಾರಿ ಸಮತಟ್ಟು.

ಅರಮನೆಯ ದಪ್ಪ ಇಟ್ಟಿಗೆ ಗೋಡೆಗಳನ್ನು ನೋಡಿ ಬೇಗ ಮುಂದೆ ಹೋಗಿ. ಪಕ್ಕದ ರಾಜಸಭೆಗೆ ಮಾತ್ರ ಜಾಸ್ತಿ ಹೊತ್ತು ಕೊಡಿ. ಜಗುಲಿಯ ಸುತ್ತ ಆನೆ, ಸಿಂಹ, ಕುಳ್ಳರ ಸಾಲುಗಳಿವೆ. ಬಗ್ಗಿ ಕೂತು ಒಂದೊಂದೇ ಆನೆ ನೋಡಿ. ಸೊಂಡಿಲು, ಕಾಲಿನ ನಡೆ ಬೇರೆ ಬೇರೆ. ಸುಮ್ನೆ ಅಚ್ಚು ಹೊಡೆದ ಕೆಲಸ ಅಲ್ವೇ ಅಲ್ಲ.

ಒಂದು ಎಚ್ಚರಿಕೆ: ಇಲ್ಲಿರುವುದೆಲ್ಲ ಪರಾಕ್ರಮಬಾಹುವಿನದಲ್ಲ. ಗಲ್ ಪೊತ ಎಂಬ ದೊಡ್ಡ ಕಲ್ಲಿನ ಶಾಸನ, ಹಟದಾಗೆ ಎಂಬ ಬುದ್ಧನ ದಂತದ ಗುಡಿ ಅವನ ನಂತರದ ರಾಜ ನಿಶ್ಶಂಕಮಲ್ಲನವು. ಶಿವ ದೇವಾಲಯ 2 ಪರಾಕ್ರಮಬಾಹುವಿಗಿಂತ ಮೊದಲಿನ ಚೋಳರ ಕಾಲದ್ದು. ಬೋರ್ಡ್ ಓದಿ ಬೇರೆ ಮಾಡಿಕೊಳ್ಳಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಲಂಕಾತಿಲಕ ಎಂಬ ಬುದ್ಧ ಮಂದಿರದ ಎತ್ತರದ ಗೋಡೆಗಳ ನಡುವೆ ತಲೆಯಿಲ್ಲದ ಬುದ್ಧನ ಮುಂದೆ ನಿಂತು, ಕೊನೆಗೆ ಗಲ್ ವಿಹಾರಕ್ಕೆ ಬನ್ನಿ. ಒಂದೇ ಬಂಡೆಯಲ್ಲಿ ನಾಲ್ಕು ವಿಗ್ರಹ. ಮಲಗಿದ ಬುದ್ಧ ಸುಮಾರು 14 ಮೀಟರ್. ತಲೆಯ ಭಾರಕ್ಕೆ ದಿಂಬು ಸ್ವಲ್ಪ ತಗ್ಗಿದೆ. ಗ್ರಾನೈಟ್ ಅನ್ನುವುದೇ ಮರೆತುಹೋಗುತ್ತದೆ. ಪಾದಗಳೂ ಸಮನಾಗಿಲ್ಲ, ಮೇಲಿನದು ತುಸು ಹಿಂದೆ ಸರಿದಿದೆ. ಪರಿನಿರ್ವಾಣದ, ಅಂದರೆ ಬುದ್ಧನ ದೇಹತ್ಯಾಗದ ಗುರುತು ಅದು.

ಅಲ್ಲೇ ನುಣುಪು ಮಾಡಿದ ಬಂಡೆಯ ಮೇಲೆ ಕತಿಕಾವತ ಶಾಸನವಿದೆ. ಮಹಾವಿಹಾರ, ಅಭಯಗಿರಿ, ಜೇತವನ ಅಂತ ಮೂರು ಪಂಗಡಗಳಾಗಿದ್ದ ಭಿಕ್ಷುಗಳನ್ನು ರಾಜ 1165ರಲ್ಲಿ ದಿಂಬುಲಾಗಲ ವಿಹಾರದ ಹಿರಿಯ ಭಿಕ್ಷು ಮಹಾಕಸ್ಸಪ ಥೇರರ ಮುಂದಾಳತ್ವದಲ್ಲಿ ಒಂದು ಮಾಡಿಸಿದ. ಭಿಕ್ಷುಗಳು ಹೇಗೆ ನಡೆದುಕೊಳ್ಳಬೇಕೆಂಬ ನಿಯಮಗಳನ್ನೇ ಕಲ್ಲಿಗೆ ಹಾಕಿಸಿದ. ಎಲ್ಲರೂ ದಾಟಿ ಹೋಗುವ ಆ ಬಂಡೆ ನನಗೆ ವಿಗ್ರಹಗಳಷ್ಟೇ ಮುಖ್ಯ.

ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿ. ಪವಿತ್ರ ಜಾಗಗಳಲ್ಲಿ ಚಪ್ಪಲಿ, ಟೋಪಿ ತೆಗೆಯಬೇಕು. ಮಧ್ಯಾಹ್ನ ಕಲ್ಲು ಕೆಂಡದಂತಾಗುತ್ತದೆ, ಕಾಲುಚೀಲ ಇಟ್ಟುಕೊಳ್ಳಿ. ಬುದ್ಧನಿಗೆ ಬೆನ್ನು ಮಾಡಿ ಸೆಲ್ಫಿ ತೆಗೆಯಬೇಡಿ, ಅಲ್ಲಿಯವರಿಗೆ ಅದು ನಿಜವಾಗಿ ನೋವಾಗುತ್ತದೆ.