ಸಿಂಗಲ್ ಫೇಸ್ ಮೋಟಾರು ತಿರುಗುವ ದಿಕ್ಕನ್ನು ಗುರುತಿಸಿ ಬದಲಿಸುವ ಕ್ರಮ

ರೀವೈಂಡಿಂಗ್ ಮಾಡಿಸಿ ತಂದ ಅರ್ಧ ಅಥವಾ ಒಂದು ಎಚ್‌ಪಿ ಪಂಪು ತಿರುಗುತ್ತಿದ್ದರೂ ಟ್ಯಾಂಕಿಗೆ ನೀರು ಸರಿಯಾಗಿ ಏರದಿದ್ದರೆ, ಮೋಟಾರು ಉಲ್ಟಾ ತಿರುಗುತ್ತಿದೆಯೇ ಎಂಬುದನ್ನೂ ನೋಡಬೇಕು. ಪ್ಲಗ್ಗಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ವಯರುಗಳನ್ನು ಅದಲುಬದಲು ಮಾಡುವುದರಿಂದ ಪ್ರಯೋಜನವಿಲ್ಲ. ಒಳಗಿನ ರನ್ನಿಂಗ್ ಮತ್ತು ಸ್ಟಾರ್ಟಿಂಗ್ ಎಂಬ ಎರಡೂ ವೈಂಡಿಂಗುಗಳು (ತಂತಿ ಸುರುಳಿಗಳು) ಒಟ್ಟಿಗೇ ತಿರುವುಮುರುವಾಗುವುದರಿಂದ ದಿಕ್ಕು ಹಾಗೆಯೇ ಉಳಿಯುತ್ತದೆ.

ರನ್ನಿಂಗ್ ವೈಂಡಿಂಗ್ ಒಂದಕ್ಕೇ ವಿದ್ಯುತ್ ಕೊಟ್ಟರೆ ಕಾಂತಕ್ಷೇತ್ರವು ಒಂದೇ ರೇಖೆಯಲ್ಲಿ ಹಿಂದೆಮುಂದೆ ಆಡುತ್ತದೆಯೇ ಹೊರತು ಸುತ್ತುವುದಿಲ್ಲ, ಹಾಗಾಗಿ ರೋಟರ್ (ಒಳಗಿನ ತಿರುಗುವ ಭಾಗ) ಗುಂಯ್‌ಗುಟ್ಟುತ್ತಾ ನಿಂತಲ್ಲೇ ನಿಲ್ಲುತ್ತದೆ. ಸ್ಟಾರ್ಟಿಂಗ್ ವೈಂಡಿಂಗಿನ ಸರಣಿಯಲ್ಲಿ ಕೆಪಾಸಿಟರ್ ಇರುವುದರಿಂದ ಅದರ ಕರೆಂಟು ರನ್ನಿಂಗ್ ವೈಂಡಿಂಗಿನದಕ್ಕಿಂತ ಮೊದಲು ಗರಿಷ್ಠ ಮಟ್ಟ ತಲುಪುತ್ತದೆ. ಕಾಂತಕ್ಷೇತ್ರವು ಸ್ಟಾರ್ಟಿಂಗ್ ಧ್ರುವದಿಂದ ಪಕ್ಕದಲ್ಲಿರುವ ಅದೇ ಜಾತಿಯ ರನ್ನಿಂಗ್ ಧ್ರುವದ ಕಡೆಗೆ ಸರಿಯುತ್ತದೆ, ರೋಟರ್ ಅದನ್ನೇ ಹಿಂಬಾಲಿಸುತ್ತದೆ. ಆದ್ದರಿಂದ ಎರಡು ವೈಂಡಿಂಗುಗಳಲ್ಲಿ ಯಾವುದಾದರೂ ಒಂದರ ತುದಿಗಳನ್ನು ಮಾತ್ರ ತಿರುವಿದರೆ ದಿಕ್ಕು ಬದಲಾಗುತ್ತದೆ.

ಮೊದಲು ಎಂಸಿಬಿ ಇಳಿಸಿ, ಪ್ಲಗ್ ಕಿತ್ತು, ಕೆಪಾಸಿಟರ್‌ನ ಎರಡು ತುದಿಗಳಿಗೆ ಹೋಲ್ಡರಿನಲ್ಲಿರುವ ಫಿಲಮೆಂಟ್ ಬಲ್ಬಿನ ವಯರುಗಳನ್ನು ತಾಗಿಸಿ ಅದರಲ್ಲಿ ಉಳಿದಿರುವ ಚಾರ್ಜನ್ನು ಖಾಲಿ ಮಾಡಿ. ಮೋಟಾರಿನಿಂದ ನಾಲ್ಕು ತುದಿಗಳು ಹೊರಬಂದಿದ್ದರೆ, ಅವುಗಳನ್ನು ಬಿಡಿಸಿಟ್ಟುಕೊಂಡು ಮಲ್ಟಿಮೀಟರಿನಲ್ಲಿ ಓಮ್ ಅಳೆದು ಎರಡು ಜೋಡಿಗಳನ್ನು ಗುರುತಿಸಿ. ಸಾಮಾನ್ಯವಾಗಿ ಹೆಚ್ಚು ಓಮ್ ತೋರಿಸುವುದು ತೆಳು ತಂತಿಯ ಸ್ಟಾರ್ಟಿಂಗ್ ವೈಂಡಿಂಗ್. ಅದರ ಎರಡು ತುದಿಗಳನ್ನು ಪರಸ್ಪರ ಬದಲಿಸಿ, ಉಳಿದದ್ದನ್ನು ಮೊದಲಿನಂತೆಯೇ ಜೋಡಿಸಿ.

ಮೂರೇ ವಯರುಗಳಿದ್ದರೆ ಎಚ್ಚರಿಕೆ ಬೇಕು. ಅತಿ ಹೆಚ್ಚು ಓಮ್ ಕಾಣಿಸುವ ಎರಡನ್ನು ಬಿಟ್ಟು ಉಳಿದದ್ದೇ ಕಾಮನ್ ವಯರು, ಅಂದರೆ ಎರಡೂ ವೈಂಡಿಂಗುಗಳು ಕೂಡುವ ವಯರು. ವಾಷಿಂಗ್ ಮೆಷಿನ್ನಿನ ವಾಶ್ ಮೋಟಾರಿನಂತೆ ಕಾಮನ್‌ನಿಂದ ಎರಡೂ ಕಡೆ ಒಂದೇ ಅಳತೆ ಬಂದರೆ, ಫೇಸನ್ನು ಕೆಪಾಸಿಟರಿನ ಒಂದು ತುದಿಯಿಂದ ಇನ್ನೊಂದಕ್ಕೆ ಸರಿಸಿದರೆ ಸಾಕು. ಅಳತೆ ಬೇರೆಬೇರೆ ಇದ್ದಾಗ ಇದೇ ಉಪಾಯ ಮಾಡಬಾರದು. ತೆಳು ತಂತಿಗೆ 230 ವೋಲ್ಟ್ ನೇರವಾಗಿ ಬಿದ್ದು ವೈಂಡಿಂಗ್ ಸುಟ್ಟುಹೋಗಬಹುದು. ಅಂಥ ಮೋಟಾರನ್ನು ರೀವೈಂಡಿಂಗ್ ಅಂಗಡಿಗೇ ಒಯ್ದು, ಒಳಗಿನ ಕಾಮನ್ ಜಾಯಿಂಟನ್ನು ಬಿಡಿಸಿ ತುದಿ ಬದಲಿಸಿಕೊಡುವಂತೆ ಕೇಳುವುದೇ ಸರಿ.

ಷೇಡೆಡ್ ಪೋಲ್ ಮೋಟಾರಿನಲ್ಲಿ (ಪ್ರತಿ ಧ್ರುವದ ಒಂದು ಭಾಗಕ್ಕೆ ತಾಮ್ರದ ಉಂಗುರ ಹಾಕಿರುವ ಮೋಟಾರು) ವಯರು ಬದಲಿಸಿ ಫಲವಿಲ್ಲ. ರೋಟರ್ ಯಾವಾಗಲೂ ಧ್ರುವದ ಬರಿಯ ಭಾಗದಿಂದ ತಾಮ್ರದ ಉಂಗುರವಿರುವ ಭಾಗದ ಕಡೆಗೇ ತಿರುಗುತ್ತದೆ. ದಿಕ್ಕು ಬದಲಾಗಬೇಕಾದರೆ ಸ್ಟೇಟರನ್ನೇ (ತಿರುಗದೆ ನಿಂತಿರುವ ಹೊರಭಾಗ) ಹಿಂದುಮುಂದಾಗಿ ತಿರುಗಿಸಿ ಕೂರಿಸಬೇಕು.

ಪಂಪನ್ನು ಮರುಜೋಡಿಸಿದ ಮೇಲೆ ನೀರು ತುಂಬಿಸಿ, ಒಂದು ಕ್ಷಣ ಮಾತ್ರ ಸ್ವಿಚ್ ಹಾಕಿ ತೆಗೆದು, ಹಿಂಬದಿಯ ಫ್ಯಾನು ನಿಲ್ಲುವ ಹೊತ್ತಿಗೆ ಯಾವ ಕಡೆ ತಿರುಗುತ್ತಿದೆ ಎಂದು ಗಮನಿಸಿ, ಪಂಪಿನ ಮೈಮೇಲಿರುವ ಬಾಣದ ಗುರುತಿಗೆ ಹೋಲಿಸಿ. ಫ್ಯಾನಿನ ಕಡೆಯಿಂದ ನೋಡಿದಾಗ ಪ್ರದಕ್ಷಿಣವಾಗಿ ಕಾಣುವುದು ಇಂಪೆಲ್ಲರ್ (ನೀರನ್ನು ತಳ್ಳುವ ಚಕ್ರ) ಕಡೆಯಿಂದ ಅಪ್ರದಕ್ಷಿಣವಾಗಿ ಕಾಣುತ್ತದೆ ಎಂಬುದು ಹೋಲಿಸುವಾಗ ನೆನಪಿರಲಿ.