ಕ್ರೆಡಿಟ್ಸ್ ಓಡಿ ಮುಗಿದ ಮೇಲೆ: ಆರ್ಥರ್ ಮಾರ್ಗನ್‌ನನ್ನು ಬೀಳ್ಕೊಡುವ ಕ್ರಮ

ಮೊದಲೇ ಹೇಳಿಬಿಡುವುದು ಒಳ್ಳೆಯದು: ಇಲ್ಲಿ ಆರ್ಥರ್ ಮಾರ್ಗನ್ ಎಂಬ ದರೋಡೆಕೋರ ನಾಯಕನಾಗಿರುವ ‘ರೆಡ್ ಡೆಡ್ ರಿಡೆಂಪ್ಷನ್ 2’ ಎಂಬ ವಿಡಿಯೊ ಗೇಮ್‌ನ ಕೊನೆಯವರೆಗಿನ ಕಥೆ ಬರುತ್ತದೆ. ಇನ್ನೂ ಆಡುತ್ತಿರುವವರು ಮುಗಿಸಿಕೊಂಡು ಬಂದು ಓದಿ.

ರಾತ್ರಿಯಿಡೀ ನಡೆದ ಯಕ್ಷಗಾನ ಬೆಳಗಿನ ಜಾವ ಮಂಗಳ ಹಾಡಿ ಮುಗಿಯುತ್ತದೆ. ವೇಷ ಕಳಚುವವರಿಗೆ ಚೌಕಿ ಇದೆ. ನೋಡಿದವರಿಗೆ ಮನೆಗೆ ನಡೆಯುವ ದಾರಿಯಿದೆ, ದಾರಿಯುದ್ದಕ್ಕೂ ‘ಕರ್ಣನ ಪಾತ್ರದವರು ಏನು ಮಾಡಿದ್ರು ಮಾರಾಯ್ರೆ’ ಎನ್ನಲು ಜೊತೆಗೆ ನಾಲ್ಕು ಜನ ಇದ್ದಾರೆ. ಗೇಮ್‌ಗೆ ಇದ್ಯಾವುದೂ ಇಲ್ಲ. ರಾತ್ರಿ ಒಂದೂವರೆಗೆ ಹೆಸರುಗಳ ಪಟ್ಟಿ ಓಡಿ ನಿಲ್ಲುತ್ತದೆ, ಕೋಣೆಯಲ್ಲಿ ನೀವೊಬ್ಬರೇ, ಬೆಳಿಗ್ಗೆ ಆಫೀಸು. ಮಂಗಳ ಹಾಡುವ ಕೆಲಸ ಆಡಿದವರ ತಲೆಗೇ ಬೀಳುತ್ತದೆ. ಅದನ್ನು ಹೇಗೆ ಮಾಡಿಕೊಳ್ಳಬೇಕು ಎನ್ನುವುದಷ್ಟೇ ಇಲ್ಲಿಯ ವಿಷಯ.

ಖಾಲಿತನ ಎಂದು ಒಂದೇ ಹೆಸರಿಟ್ಟು ಕರೆದರೂ ಒಳಗೆ ಮೂರು ನಷ್ಟಗಳು ಹೆಣೆದುಕೊಂಡಿರುತ್ತವೆ. ಒಂದು, ಜನ. ತೆರೆಯ ಮೇಲಿನವರನ್ನು ನಾವು ಪರಿಚಯಸ್ಥರೆಂದೇ ಮನಸ್ಸಿಗೆ ತೆಗೆದುಕೊಳ್ಳುತ್ತೇವೆ ಎಂದು ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ ಬರೆದಿದ್ದರು. ಅವರು ನೋಡಿದ್ದು ಟೀವಿ, ರೇಡಿಯೊ. ಗೇಮ್‌ನಲ್ಲಿ ಈ ನಂಟು ಇನ್ನೂ ಬಿಗಿ, ಏಕೆಂದರೆ ಆರ್ಥರನ ಕುದುರೆಯ ಮೈ ಉಜ್ಜಿದ್ದು, ಅವನಿಗೆ ಊಟ ಹಾಕಿದ್ದು, ಗಡ್ಡ ಬೋಳಿಸಿದ್ದು ನೀವೇ. ಎರಡನೆಯದು ಹೊತ್ತು. ಮುಖ್ಯ ಕಥೆಗೇ ಸುಮಾರು 50 ಗಂಟೆ ಬೇಕು. ದಿನಕ್ಕೆ ಎರಡು ಗಂಟೆಯಂತೆ ಆಡಿದವರಿಗೆ ವಾರಕ್ಕೆ 14 ಗಂಟೆ ಒಮ್ಮೆಲೇ ಬಿಡುವಾಗುತ್ತದೆ. ಮೂರನೆಯದು, ‘ನಾಳೆ ಏನು ಮಾಡಬೇಕು’ ಎನ್ನುವುದಕ್ಕೆ ಸಿದ್ಧವಾಗಿ ಸಿಗುತ್ತಿದ್ದ ಉತ್ತರ. ಜನರ ದುಃಖ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಎರಡನೇ ವಾರದಲ್ಲೂ ಕಾಡುವುದು ಹೆಚ್ಚಾಗಿ ಆ 14 ಗಂಟೆ.

ಈ ಗೇಮ್ ಬೇರೆಯವಕ್ಕಿಂತ ಹೆಚ್ಚು ನೋಯಿಸುವುದಕ್ಕೆ ಅದರ ಕಟ್ಟಡವೇ ಕಾರಣ. 1899ರ ಕಥೆ ಆರು ಅಧ್ಯಾಯಗಳಲ್ಲಿ ನಡೆಯುತ್ತದೆ. ಕೊನೆಯ ಹೊತ್ತಿಗೆ ಕ್ಷಯ ಹಿಡಿದ ಆರ್ಥರ್ ಕೆಮ್ಮುತ್ತಾ ಸೊರಗಿಹೋಗಿರುತ್ತಾನೆ. ಅವನು ಸತ್ತ ಮೇಲೂ ಆಟ ಬಿಡುವುದಿಲ್ಲ. 1907ಕ್ಕೆ ಹಾರಿ, ಅವನ ಗ್ಯಾಂಗಿನ ಜೊತೆಗಾರ ಜಾನ್ ಮಾರ್ಸ್ಟನ್‌ನನ್ನು ನಿಮ್ಮ ಕೈಗೆ ಕೊಡುತ್ತದೆ. ಅದೇ ಬೆಟ್ಟ, ಅದೇ ಹೊಳೆ, ದನಿ ಮಾತ್ರ ಬೇರೆ. ಸಾವಿಗೆ ಮೊದಲೇ ಶೋಕ ಶುರುವಾಗಿ, ಎಪಿಲಾಗ್ ಎನ್ನುವ ಈ ಉಪಸಂಹಾರದ ಎರಡು ಭಾಗಗಳುದ್ದಕ್ಕೂ ನಡೆದೇ ಇರುತ್ತದೆ.

ಮೊದಲ ರಾತ್ರಿ

ಸಾಧ್ಯವಾದರೆ ಕೊನೆಯ ಮಿಷನ್‌ಗಳನ್ನು ಶನಿವಾರ ಸಂಜೆಗೆ ಇಟ್ಟುಕೊಳ್ಳಿ. ಭಾನುವಾರ ರಾತ್ರಿ ಮುಗಿಸಿದವರಿಗೆ ನಿದ್ದೆಗೇಡು ಮತ್ತು ದುಃಖ ಎರಡೂ ಒಟ್ಟಿಗೆ ಬಂದು, ಸೋಮವಾರ ಯಾವುದು ಯಾವುದೆಂದೇ ತಿಳಿಯುವುದಿಲ್ಲ.

ಕ್ರೆಡಿಟ್ಸ್ ಉದ್ದವಿದೆ, ಆದರೂ ಓಡಿಸಿಬಿಡಬೇಡಿ. ಹೆಸರುಗಳ ನಡುನಡುವೆ ದೃಶ್ಯಗಳಿವೆ: ಆರ್ಥರನ ಸಮಾಧಿಗೆ ಅವನ ಹಳೆಯ ಪ್ರೇಯಸಿ ಮೇರಿ ಬರುವುದು, ಜಾನ್‌ನ ಜಾಡು ಹಿಡಿದು ಗ್ಯಾಂಗಿನ ಬೆನ್ನು ಬಿದ್ದಿದ್ದ ಏಜೆಂಟ್ ರಾಸ್, ಜಾನ್‌ನ ಮನೆ-ಜಮೀನಾದ ಬೀಚರ್ಸ್ ಹೋಪ್‌ನ ಹತ್ತಿರಕ್ಕೆ ಬರುವುದು. ಇವನ್ನು ಬಿಟ್ಟವರಿಗೆ ಕಥೆ ಅರ್ಧಕ್ಕೆ ತುಂಡಾದ ಹಾಗೆ ಅನ್ನಿಸುತ್ತದೆ. ಆ ಕೊರತೆ ತುಂಬಲು ರಾತ್ರಿಯೇ ಯೂಟ್ಯೂಬ್ ತೆರೆಯುತ್ತಾರೆ, ಮೂರು ಗಂಟೆಯಾದರೂ ಏಳುವುದಿಲ್ಲ.

ಆಮೇಲೆ ಬೀಚರ್ಸ್ ಹೋಪ್‌ನಲ್ಲಿ ಜಾನ್ ಆಗಿ ಎಚ್ಚರವಾಗುತ್ತೀರಿ. ಆಗ ಮಾಡಬೇಕಾದ್ದು ಒಂದೇ: ಆಟವನ್ನು ತಡೆದು ನಿಲ್ಲಿಸಿದಾಗ ಬರುವ ಪಾಝ್ ಮೆನುವಿನಲ್ಲಿ ಸ್ಟೋರಿ, ಅದರೊಳಗೆ ಸೇವ್ ಗೇಮ್, ಹೊಸ ಸ್ಲಾಟ್‌ನಲ್ಲಿ ಸೇವ್. ಆಟೊಸೇವ್ ಅನ್ನು ನಂಬಬೇಡಿ. ಮುಂದೆ ಯಾವಾಗಲಾದರೂ ಹೊಸ ಆಟ ಶುರು ಮಾಡಿದರೆ ಅದರ ಮೇಲೆಯೇ ಬರೆದುಹೋಗುತ್ತದೆ. ಸೇವ್ ಮಾಡಿ, ಆರಿಸಿ, ನೀರು ಕುಡಿದು ಮಲಗಿ. ಅಂದು ರಾತ್ರಿ ಬೇರೆ ಗೇಮ್ ಡೌನ್‌ಲೋಡ್‌ಗೆ ಹಾಕುವುದೂ ಬೇಡ.

ಬೀಳ್ಕೊಡುಗೆಯ ಸವಾರಿ

ಮರುದಿನ ಅಥವಾ ಅದರ ಮರುದಿನ, ಒಂದೂವರೆ ಗಂಟೆ ಬಿಡುವು ಮಾಡಿಕೊಂಡು ಒಂದೇ ಒಂದು ಸವಾರಿ ಹೋಗಬೇಕು. ಮಂಗಳ ಎಂದದ್ದು ಇದನ್ನೇ. ಸುಮ್ಮನೆ ಅಲೆದರೆ ಉಪಯೋಗವಿಲ್ಲ. ಎಲ್ಲಿಂದ ಎಲ್ಲಿಗೆ, ಕೊನೆ ಎಲ್ಲಿ ಎಂದು ಮೊದಲೇ ನಿಶ್ಚಯವಾಗಿರಲಿ. ಕೊನೆಯೇ ಇಲ್ಲದ ಅಲೆದಾಟ ಪ್ರತಿ ರಾತ್ರಿಯ ಚಟವಾಗುತ್ತದೆ.

ಬೀಚರ್ಸ್ ಹೋಪ್‌ನಿಂದ ಹೊರಟು ಮೊದಲು ರೋಡ್ಸ್ ಎಂಬ ಊರು. ಅಲ್ಲಿನ ಅಂಗಡಿಯಲ್ಲಿ ಗ್ಯಾಂಗಿನ ಅಡುಗೆಯವನಾಗಿದ್ದ ಪಿಯರ್ಸನ್ ಇದ್ದಾನೆ, ಗೋಡೆಯ ಮೇಲೆ ಗ್ಯಾಂಗಿನ ಫೋಟೊ ಇದೆ. ಸೇಂಟ್ ಡೆನಿಸ್‌ನಲ್ಲಿ ಗ್ಯಾಂಗಿನವಳೇ ಆಗಿದ್ದ ಟಿಲಿ ಸಿಗುತ್ತಾಳೆ. ಅದರ ಉತ್ತರದ ಜೌಗುನೆಲ ಬ್ಲೂವಾಟರ್ ಮಾರ್ಷ್‌ನಲ್ಲಿ ಸತ್ತ ಜೊತೆಗಾರರಾದ ಹೊಸೀಯಾ ಮತ್ತು ಲೆನ್ನಿಯ ಸಮಾಧಿಗಳು ಅಕ್ಕಪಕ್ಕ. ಅಲ್ಲಿಂದ ವ್ಯಾಲೆಂಟೈನ್‌ಗೆ ಬಂದರೆ ರೈಲು ನಿಲ್ದಾಣದ ಬೆಂಚಿನಲ್ಲಿ ಗ್ಯಾಂಗಿನ ಇನ್ನೊಬ್ಬಳು, ಮೇರಿ-ಬೆತ್. ಈಗ ಅವಳು ಕಾದಂಬರಿ ಬರೆಯುತ್ತಾಳೆ. ಊರಿಗೆ ಹತ್ತಿರದಲ್ಲೇ ಹಾರ್ಸ್‌ಶೂ ಓವರ್‌ಲುಕ್, ಎರಡನೇ ಅಧ್ಯಾಯದ ಬಿಡಾರ. ಎಲ್ಲರೂ ಇನ್ನೂ ನಗುತ್ತಿದ್ದ ಜಾಗ ಅದು. ಅಲ್ಲಿ ಕುದುರೆಯಿಂದಿಳಿದು ಐದು ನಿಮಿಷ ನಡೆಯಿರಿ.

ಕೊನೆಗೆ ಉತ್ತರದ ಬೆಟ್ಟ. ಬಾಕಸ್ ಸ್ಟೇಷನ್‌ನ ಈಶಾನ್ಯಕ್ಕೆ, ಎತ್ತರದಲ್ಲಿ ಆರ್ಥರನ ಸಮಾಧಿ. ಹತ್ತಿರದಲ್ಲೇ ಬಿಡಾರ ಹೂಡಿ, ಸಂಜೆಯವರೆಗೆ ಮಲಗುವ ಆಯ್ಕೆ ಒತ್ತಿ, ಎದ್ದು ಹೋದರೆ ಸೂರ್ಯ ಮುಳುಗುವ ಹೊತ್ತು ಸಿಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಹೋಗಿ ‘ಇಷ್ಟೇನಾ’ ಎಂದು ವಾಪಸಾದವರಿದ್ದಾರೆ. ಹಾನರ್, ಅಂದರೆ ಒಳ್ಳೆಯ ನಡತೆಯ ಅಳತೆ, ಹೆಚ್ಚಿಟ್ಟುಕೊಂಡು ಆಡಿದವರಿಗೆ ಸಮಾಧಿಯ ಸುತ್ತ ಹೂ ಕಾಣುತ್ತದೆ.

ಅಲ್ಲಿ ಕೂತು ಡೈರಿ ತೆಗೆಯಿರಿ. ಆರ್ಥರನ ಪುಸ್ತಕವೇ ಜಾನ್‌ನ ಜೋಳಿಗೆಯಲ್ಲಿದೆ, ಮೊದಲ ಪುಟದಿಂದ ಓದಬಹುದು. ಪುಟ ಮಗುಚುತ್ತಾ ಹೋದಂತೆ ಒಂದು ಕಡೆ ಕೈಬರಹ ಬದಲಾಗುತ್ತದೆ. ಜಾನ್ ಬರೆಯಲು ಶುರು ಮಾಡಿದ್ದಾನೆ, ಅವನ ಚಿತ್ರಗಳು ಮಾತ್ರ ಅಂಕುಡೊಂಕು. ಇಡೀ ಗೇಮ್‌ನಲ್ಲಿ ಇದಕ್ಕಿಂತ ಒಳ್ಳೆಯ ವಿದಾಯ ಇಲ್ಲ, ಆದರೂ ಬಹಳ ಜನ ಡೈರಿಯನ್ನು ತೆರೆದೇ ಇರುವುದಿಲ್ಲ. ಫೋಟೊ ಮೋಡ್‌ನಲ್ಲಿ ಹತ್ತು ಚಿತ್ರ ಸಾಕು. ಇನ್ನೂರು ತೆಗೆದರೆ ಒಂದನ್ನೂ ಮತ್ತೆ ನೋಡುವುದಿಲ್ಲ.

ಇದನ್ನು ಮುಗಿಸಿದ ಮೇಲೆ ಎರಡು ವಾರ ಆ ಗೇಮ್ ತೆರೆಯಬೇಡಿ.

ಒಂಬತ್ತರಿಂದ ಹನ್ನೊಂದು

ನೀವು ಆಡುತ್ತಿದ್ದ ಹೊತ್ತು ಯಾವುದೋ, ಆ ಹೊತ್ತಿಗೇ ಬೇರೊಂದನ್ನು ಕೂರಿಸಬೇಕು. ಬೆಳಿಗ್ಗೆ ಜಿಮ್‌ಗೆ ಸೇರಿದರೆ ರಾತ್ರಿ ಒಂಬತ್ತರ ಖಾಲಿ ತುಂಬುವುದಿಲ್ಲ. ಮೊದಲ ಮೂರು ರಾತ್ರಿ ಕಂಟ್ರೋಲರ್ ಡ್ರಾಯರಿನಲ್ಲಿರಲಿ. ಮೇಜಿನ ಮೇಲಿದ್ದರೆ ಕೈ ತಾನಾಗಿ ಹೋಗುತ್ತದೆ. ಊಟವಾದ ಮೇಲೆ ನಲವತ್ತು ನಿಮಿಷ ನಡಿಗೆ, ಉಳಿದ ಹೊತ್ತಿಗೆ ಕೈಗೆ ಕೆಲಸ: ಪಾತ್ರೆ, ಬಟ್ಟೆ ಮಡಚುವುದು, ನಾಳೆಗೆ ತರಕಾರಿ ಹೆಚ್ಚುವುದು, ಸೈಕಲ್ ಚೈನಿಗೆ ಎಣ್ಣೆ. ಸಣ್ಣದಾಗಿ ಶುರುವಾಗಿ ಕಣ್ಣೆದುರೇ ಮುಗಿಯುವ ಕೆಲಸಗಳಿವು; ಮಿಷನ್ ಮುಗಿಸಿದಾಗ ಸಿಗುತ್ತಿದ್ದದ್ದೂ ಅಂಥದೇ ಸಮಾಧಾನ. ಎರಡು ಗಂಟೆಯೂ ಫೋನ್ ಉಜ್ಜುತ್ತಾ ಕೂತರೆ ಆ ಸಮಾಧಾನ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಏನೂ ಮುಗಿಯುವುದಿಲ್ಲ.

ನಾಲ್ಕನೇ ರಾತ್ರಿ ಒಂದು ಪುಟ ಬರೆಯಿರಿ, ಕೈಯಲ್ಲೇ. ಯಾವ ತೀರ್ಮಾನವನ್ನು ಬದಲಿಸುತ್ತಿದ್ದಿರಿ? ಯಾರ ದನಿ ಕೇಳಬೇಕೆನಿಸುತ್ತದೆ? ಮೂರನೆಯದು ಸ್ವಲ್ಪ ಕಷ್ಟ: ಆರ್ಥರನಲ್ಲಿ ಕಂಡದ್ದರಲ್ಲಿ ನಿಮ್ಮ ಬದುಕಿಗೆ ಸೇರಿದ್ದು ಎಷ್ಟು? ಸಾಲ ವಸೂಲಿಗೆ ಹೋದ ಮನೆಯಿಂದಲೇ ರೋಗ ಹೊತ್ತು ತಂದವನ ಕಥೆ ಕೆಲವರಿಗೆ ತಮ್ಮದೇ ಹಳೆಯ ತಪ್ಪೊಂದನ್ನು ನೆನಪಿಸಿರುತ್ತದೆ. ಹಾಗಿದ್ದರೆ ನೋವು ಗೇಮಿನದಷ್ಟೇ ಅಲ್ಲ, ಅದು ಹೊಸ ಗೇಮ್‌ನಿಂದ ಹೋಗುವುದೂ ಇಲ್ಲ.

ಮನೆಯವರಿಗೆ ಹೇಳುವುದು ಹೇಗೆ? ಅಮ್ಮನಿಗೋ ಅಕ್ಕನಿಗೋ ಪೂರ್ತಿ ಕಥೆ ಹೇಳಲು ಹೋದರೆ ಹತ್ತನೇ ನಿಮಿಷಕ್ಕೆ ‘ಆಟಕ್ಕೆಲ್ಲಾ ಅಳ್ತಾರೇನೋ’ ಎಂಬ ಮಾತು ಬರುತ್ತದೆ. ಒಂದೇ ದೃಶ್ಯ ಆರಿಸಿಕೊಳ್ಳಿ, ಐದು ನಿಮಿಷದಲ್ಲಿ ಹೇಳಿ: ಕೊನೆಯ ಸವಾರಿಯಲ್ಲಿ ಕುದುರೆ ಬಿದ್ದಾಗ, ಬೆನ್ನಟ್ಟುವವರ ನಡುವೆಯೂ ಆರ್ಥರ್ ನಿಂತು ಅದಕ್ಕೆ ಥ್ಯಾಂಕ್ಸ್ ಹೇಳಿದ್ದು. ಧಾರಾವಾಹಿ ಮುಗಿದಾಗ ಬೇಸರಪಟ್ಟವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ.

ಎಲ್ಲಿ ಕೆಡುತ್ತದೆ

ಅತಿ ಸಾಮಾನ್ಯ ತಪ್ಪು, ಅದೇ ವಾರ ಇನ್ನೊಂದು ದೊಡ್ಡ ಓಪನ್ ವರ್ಲ್ಡ್ ಗೇಮ್, ಅಂದರೆ ಎಲ್ಲೆಂದರಲ್ಲಿ ಅಲೆಯಬಹುದಾದ ಗೇಮ್, ಶುರು ಮಾಡುವುದು. ಬೆರಳುಗಳಿಗೆ ಹಳೆಯ ಬಟನ್‌ಗಳೇ ಅಭ್ಯಾಸ. ಓಡಲು ಒತ್ತಿದರೆ ಹೊಸ ನಾಯಕ ಹಾರುತ್ತಾನೆ. ಪ್ರತಿ ಪಾತ್ರವನ್ನೂ ಆರ್ಥರನ ಪಕ್ಕ ನಿಲ್ಲಿಸಿ ನೋಡುತ್ತೀರಿ, ಮೂರನೇ ಗಂಟೆಗೆ ಬಿಡುತ್ತೀರಿ. ಒಳ್ಳೆಯ ಗೇಮೊಂದು ಸುಮ್ಮನೆ ಕೈತಪ್ಪಿ ಹೋಗುತ್ತದೆ.

ಎರಡನೆಯದು ಗೇಮ್‌ನಲ್ಲಿರುವುದನ್ನೆಲ್ಲಾ ಹುಡುಕಿ ನೂರಕ್ಕೆ ನೂರು ಮಾಡುವ ಹಟ. ಸಿಗರೇಟ್ ಕಾರ್ಡ್‌ಗಳೇ 144, ಡೈನೋಸಾರ್ ಮೂಳೆಗಳು 30. ಮುಂಚಿನಿಂದಲೂ ಹುಡುಕುವ ಹುಚ್ಚಿದ್ದವರು ಮಾಡಲಿ. ಕಥೆಗಾಗಿ ಆಡಿದವರು ಜಾನ್‌ನ ದನಿಯಲ್ಲಿ ಮೂಳೆ ಹುಡುಕುತ್ತಾ ಹೋದರೆ ಮಿಕ್ಕಿದ್ದ ಪ್ರೀತಿಯೂ ಸವೆಯುತ್ತದೆ.

ಇದೇ ಗೇಮ್‌ನ ಆನ್‌ಲೈನ್ ರೂಪವಾದ ‘ರೆಡ್ ಡೆಡ್ ಆನ್‌ಲೈನ್’ಗೆ ಹೋಗಿ ಆರ್ಥರನನ್ನು ಹುಡುಕುವವರೂ ಇದ್ದಾರೆ. ಅದು 1898ರ ಕಾಲ, ಬೇರೆ ಜನ, ನೀವು ಮಾತೇ ಆಡದ ಪಾತ್ರ. ಡಿಎಲ್‌ಸಿಯಾದರೂ (ಆಮೇಲೆ ಸೇರಿಸುವ ಹೆಚ್ಚುವರಿ ಭಾಗ) ಬರುತ್ತದೇನೋ ಎಂದು ಕಾಯುವುದೂ ಬೇಡ. ಕಥೆಗೆ ಡಿಎಲ್‌ಸಿ ಬರಲೇ ಇಲ್ಲ. ‘ವಿಚರ್ 3’ ಆಡುವವರಿಗೆ ಈ ವಿಷಯದಲ್ಲಿ ಅದೃಷ್ಟವಿದೆ: 2016ರ ‘ಬ್ಲಡ್ ಆ್ಯಂಡ್ ವೈನ್’ ಎಂಬ ಡಿಎಲ್‌ಸಿಯಲ್ಲಿ ನಾಯಕ ಗೆರಾಲ್ಟ್‌ಗೆ ದ್ರಾಕ್ಷಿತೋಟದ ಮನೆಯೊಂದು ಸಿಗುತ್ತದೆ. ಅದನ್ನು ಎಲ್ಲಕ್ಕಿಂತ ಕೊನೆಗೆ ಉಳಿಸಿಕೊಂಡರೆ ವಿದಾಯ ಅದರೊಳಗೇ ಇದೆ.

ಯೂಟ್ಯೂಬ್‌ಗೆ ದಿನಕ್ಕೆ ಮುಕ್ಕಾಲು ಗಂಟೆ, ಅದೂ ಹಗಲು. ಅಳಿಸುವ ಎಡಿಟ್ ವಿಡಿಯೊ ಎರಡು ನೋಡಿದರೆ ಸಾಕು, ವಾರಗಟ್ಟಲೆ ಅದೇ ಬರುತ್ತದೆ. ಹಿಸ್ಟರಿಯಿಂದ ಅವನ್ನು ತೆಗೆದುಹಾಕಿ.

ಸಾಮಾನ್ಯವಾಗಿ ಈ ಬೇಸರ ಅಲೆಯಂತೆ ಬರುತ್ತದೆ, ಹಾಡು ಕೇಳಿದಾಗ, ಸಂಜೆಯಾದಾಗ. ನಡುವೆ ಊಟ ರುಚಿಸುತ್ತದೆ, ಜೋಕಿಗೆ ನಗು ಬರುತ್ತದೆ. ಎರಡು ವಾರ ಕಳೆದರೂ ನಿದ್ದೆ, ಹಸಿವು, ಕೆಲಸ ಕೆಟ್ಟೇ ಇದ್ದರೆ, ಯಾವುದೂ ಬೇಡವೆನಿಸಿದರೆ, ಅದಕ್ಕೆ ಗೇಮ್ ನೆಪವಷ್ಟೇ ಇರಬಹುದು. ಬದುಕೇ ಬೇಡ ಎನ್ನುವ ಯೋಚನೆ ಬಂದರೆ ಎರಡು ವಾರ ಕಾಯುವ ಮಾತೇ ಇಲ್ಲ, ಅಂದೇ ಕರೆ ಮಾಡಿ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಗೇಮ್

ಎರಡನೇ ವಾರಕ್ಕೆ ಒಮ್ಮೆ ಕೂತರೆ ಮುಗಿಯುವಂಥದ್ದು ಬೇಕು. ‘ಎ ಶಾರ್ಟ್ ಹೈಕ್’ ಎರಡು ಗಂಟೆಯದು, ಬೆಟ್ಟ ಹತ್ತುವುದಷ್ಟೇ ಕೆಲಸ. 2023ರ ‘ವೆಂಬಾ’ ಇನ್ನೂ ಚಿಕ್ಕದು. ಕೆನಡಾಕ್ಕೆ ಹೋದ ತಮಿಳು ಕುಟುಂಬದ ಅಡುಗೆಮನೆ, ಶುರುವಾಗುವುದೇ ಇಡ್ಲಿಯಿಂದ, ನಮಗೆ ವಿವರಿಸಬೇಕಾದ್ದೇನಿಲ್ಲ. ಕಣ್ಣೀರು ಸಾಕು ಎನ್ನುವವರಿಗೆ, ಒಮ್ಮೆಗೇ ಮುಗಿಯದಿದ್ದರೂ, ‘ರಿಟರ್ನ್ ಆಫ್ ದಿ ಒಬ್ರಾ ಡಿನ್’: ತಲೆಗೆ ಕೆಲಸ, ಮನಸ್ಸಿಗೆ ರಜೆ.

2010ರ ಮೊದಲ ‘ರೆಡ್ ಡೆಡ್ ರಿಡೆಂಪ್ಷನ್’ 1911ರಲ್ಲಿ ನಡೆಯುವ ಜಾನ್‌ನ ಕಥೆ. 2024ರಿಂದ ಪಿಸಿಯಲ್ಲೂ ಸಿಗುತ್ತದೆ. ಅದನ್ನು ಔಷಧಿ ಎಂದುಕೊಂಡು ಶುರು ಮಾಡಬೇಡಿ. ಆರ್ಥರನ ಹೆಸರೇ ಅದರಲ್ಲಿ ಬರುವುದಿಲ್ಲ, ಹಳೆಯ ಕಾಲದ ಕುದುರೆ ಸವಾರಿ ಕೈಗೆ ಒಗ್ಗಲು ಹೊತ್ತು ಬೇಕು, ಅದರ ಕೊನೆಯೂ ಹಗುರವಲ್ಲ. ಒಂದೆರಡು ತಿಂಗಳು ಬಿಡಿ.

ಎರಡನೇ ಸಲ ಇದನ್ನೇ ಆಡಬೇಕೆನಿಸಿದರೆ ಆರು ತಿಂಗಳಾದರೂ ಕಳೆಯಲಿ. ಅಲ್ಲಿಯವರೆಗೆ ತಡೆಯಲಾಗದಿದ್ದರೆ ಪಾಝ್ ಮೆನುವಿನ ಪ್ರೋಗ್ರೆಸ್‌ನಿಂದ ಒಂದೊಂದೇ ಮಿಷನ್ ಮತ್ತೆ ಆಡಬಹುದು: ಲೆನ್ನಿಯ ಜೊತೆ ವ್ಯಾಲೆಂಟೈನ್‌ನ ಸಲೂನಿನಲ್ಲಿ ಕುಡಿದು ಗಲಾಟೆ ಎಬ್ಬಿಸುವ ‘ಎ ಕ್ವಯಟ್ ಟೈಮ್’, ಇಲ್ಲವೇ ಜಾನ್‌ನ ಮಗ ಪುಟ್ಟ ಜ್ಯಾಕ್‌ನನ್ನು ಮೀನು ಹಿಡಿಯಲು ಕರೆದೊಯ್ಯುವ ‘ಎ ಫಿಶರ್ ಆಫ್ ಮೆನ್’. ಆರನೇ ಅಧ್ಯಾಯದ ಕಡೆ ಕೈ ಹಾಕಬೇಡಿ.

ಇನ್ನು ಅನ್‌ಇನ್‌ಸ್ಟಾಲ್. ಸಿಟ್ಟಿನಲ್ಲಿ ಮೊದಲ ರಾತ್ರಿಯೇ ಅಳಿಸಿದವರು ನಾಲ್ಕನೇ ದಿನಕ್ಕೆ ಮತ್ತೆ ಇಳಿಸಿಕೊಳ್ಳುತ್ತಾರೆ. ಪಿಸಿಯಲ್ಲಿ ಅದು 150 ಜಿಬಿ ಜಾಗ ಕೇಳುವ ಗೇಮ್. ಅಷ್ಟನ್ನು 40 ಎಂಬಿಪಿಎಸ್ ಲೈನಿನಲ್ಲಿ ಇಳಿಸಲು ಎಂಟು ಗಂಟೆಯ ಮೇಲೆ ಬೇಕು. ಎರಡು ವಾರ ಇರಲಿ. ಆಮೇಲೆ ಡಾಕ್ಯುಮೆಂಟ್ಸ್ ಫೋಲ್ಡರಿನೊಳಗೆ ರಾಕ್‌ಸ್ಟಾರ್ ಗೇಮ್ಸ್, ಅದರೊಳಗೆ ಗೇಮಿನ ಹೆಸರು, ಅದರೊಳಗಿನ ಪ್ರೊಫೈಲ್ಸ್ ಫೋಲ್ಡರನ್ನು ಹಾಗೇ ಎತ್ತಿ ಒಂದು ಪ್ರತಿ ಪೆನ್‌ಡ್ರೈವ್‌ಗೆ, ಇನ್ನೊಂದು ಕ್ಲೌಡ್‌ಗೆ ಹಾಕಿ. ಫೋಲ್ಡರಿಗೆ ತಾರೀಖಿನ ಹೆಸರಿಡಿ, ಪ್ರತಿ ತೆರೆಯುತ್ತದೆಯೇ ನೋಡಿ, ಆಮೇಲೆ ಅಳಿಸಿ.