ದೇಶದ ಗಳಿಕೆಯಲ್ಲಿ ಎಷ್ಟು ಗಡಿ ದಾಟುತ್ತದೆ? ಲೆಕ್ಕ ಓದುವುದು ಹೀಗೆ

ಹಿಂದಿನ ಗೇಣಿ ಕಾಲವನ್ನು ನೆನೆಸಿಕೊಳ್ಳಿ. ಊರಲ್ಲಿ 100 ಮೂಟೆ ಭತ್ತ ಬೆಳೆಯಿತು. ಪಟ್ಟಣದಲ್ಲಿದ್ದ ಒಡೆಯರಿಗೆ 30 ಮೂಟೆ ಹೋಯಿತು. ಊರಲ್ಲಿ ಉಳಿದದ್ದು 70. ಜಿಡಿಪಿ ನಮಗೆ ಹೇಳುವುದು 100 ಮೂಟೆಯ ಕಥೆ. ಆ 30 ಮೂಟೆಯ ಕಥೆ ಬೇರೆ ಕಡೆ ಇರುತ್ತದೆ. ಶ್ರೀಮಂತ ದೇಶಗಳ ನಡುವೆ ಈ 'ಗೇಣಿ' ಕಳೆದ 50 ವರ್ಷಗಳಲ್ಲಿ ಎಷ್ಟು ಬೆಳೆದಿದೆ ಎಂದು ನೋಡದೆ ಅವುಗಳ ಜಿಡಿಪಿ ಹೋಲಿಸುವುದು ಸರಿಯಲ್ಲ ಎಂಬುದು ನನ್ನ ಬಲವಾದ ಅಭಿಪ್ರಾಯ. ನೋಡುವುದು ಕಷ್ಟವೂ ಅಲ್ಲ.

ಮೊದಲು ಸರಿಯಾದ ಸಾಲು ಹುಡುಕಿ

ಪ್ರತಿ ದೇಶದ ಚಾಲ್ತಿ ಖಾತೆಯಲ್ಲಿ, ಅಂದರೆ ಹೊರದೇಶಗಳ ಜೊತೆಗಿನ ವ್ಯಾಪಾರ ಮತ್ತು ಆದಾಯದ ಲೆಕ್ಕದಲ್ಲಿ, 'ಪ್ರೈಮರಿ ಇನ್‌ಕಮ್' ಎಂಬ ಸಾಲು ಇರುತ್ತದೆ. ನಾವು ಪ್ರಾಥಮಿಕ ಆದಾಯ ಎನ್ನೋಣ. ವಿಶ್ವಬ್ಯಾಂಕಿನ ಅಂಕಿಅಂಶಗಳಲ್ಲಿ ಹೊರಗೆ ಕೊಟ್ಟದ್ದು, ಒಳಗೆ ಬಂದದ್ದು ಎರಡೂ ಬೇರೆ ಬೇರೆಯಾಗಿ ಸಿಗುತ್ತವೆ. ಹಳೆಯ ವರದಿಗಳಲ್ಲಿ ಬರೀ 'ಇನ್‌ಕಮ್' ಎಂದಿದ್ದರೆ ಗೊಂದಲ ಬೇಡ. ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) 2009ರ ಕೈಪಿಡಿಯಲ್ಲಿ ಹೆಸರು ಬದಲಿಸಿತು, ಅಷ್ಟೆ.

ಇದರಲ್ಲಿ ಮುಖ್ಯವಾಗಿ ಇರುವುದು ಬಡ್ಡಿ, ಲಾಭಾಂಶ, ವಿದೇಶಿ ಕಂಪನಿಗಳ ಲಾಭ. ಜೊತೆಗೆ ಗಡಿ ದಾಟಿ ದುಡಿಯುವವರ ಸಂಬಳ. ಲಕ್ಸೆಂಬರ್ಗ್‌ಗೆ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಯಿಂದ 2 ಲಕ್ಷಕ್ಕೂ ಹೆಚ್ಚು ಜನ ಕೆಲಸಕ್ಕೆ ಬಂದು ಮನೆಗೆ ಮರಳುತ್ತಾರೆ. ಅವರ ಸಂಬಳ ಈ ಸಾಲಿಗೆ ಸೇರುತ್ತದೆ. ಆದರೆ ಅಮೆರಿಕದಲ್ಲಿ ನೆಲೆಸಿದ ಮಗ ಮೈಸೂರಿನ ತಂದೆತಾಯಿಗೆ ಕಳಿಸುವ ಹಣ ಇಲ್ಲಿ ಬರುವುದಿಲ್ಲ. ಅವನು ಲೆಕ್ಕದ ಪ್ರಕಾರ ಅಲ್ಲಿನ ನಿವಾಸಿ, ಹಾಗಾಗಿ ಅದು 'ಸೆಕೆಂಡರಿ ಇನ್‌ಕಮ್', ಅಂದರೆ ಪ್ರತಿಫಲವಿಲ್ಲದೆ ಕೊಟ್ಟ ಹಣ. ಇವೆರಡನ್ನು ಬೆರೆಸಿದರೆ ಲೆಕ್ಕ ಪೂರ್ತಿ ಹಾಳು.

ಡಾಲರ್ ಬಿಡಿ, ಪಾಲು ನೋಡಿ

ಬರೀ ಡಾಲರ್ ಮೊತ್ತ ನೋಡಿದರೆ ಎಲ್ಲ ದೇಶದ ಗೆರೆಯೂ ಮೇಲೇರುತ್ತದೆ. ಬೆಲೆ ಏರಿಕೆಯೇ ಅದಕ್ಕೆ ಸಾಕು. ಆದ್ದರಿಂದ ಹೊರಗೆ ಕೊಟ್ಟ ಹಣವನ್ನು ಅದೇ ವರ್ಷದ ಜಿಡಿಪಿಯಿಂದ ಭಾಗಿಸಿ, 100ರಿಂದ ಗುಣಿಸಿ. ಆ ಶೇಕಡಾವಾರು ಗೆರೆಯನ್ನು ಎಳೆಯಿರಿ.

ಈಗ ಗೆರೆಯ ಮೇಲೆ ಕೆಲವು ವರ್ಷಗಳನ್ನು ಗುರುತು ಹಾಕಿ. 1979ರಲ್ಲಿ ಬ್ರಿಟನ್ ವಿದೇಶಿ ವಿನಿಮಯದ ಕಟ್ಟುಪಾಡು ತೆಗೆಯಿತು. 1980ರ ಕೊನೆಗೆ ಜಪಾನ್ ತನ್ನ ಅಂಥದೇ ಕಾನೂನು ಸಡಿಲಿಸಿತು. 1990ರಲ್ಲಿ ಯುರೋಪಿನ ಹೆಚ್ಚಿನ ದೇಶಗಳಲ್ಲಿ ಬಂಡವಾಳದ ಬಾಗಿಲು ತೆರೆಯಿತು. 1999ರಲ್ಲಿ ಯೂರೋ ಬಂತು. ಒಬ್ಬರ ಆಸ್ತಿ ಇನ್ನೊಬ್ಬರ ದೇಶದಲ್ಲಿ ಜಾಸ್ತಿ ಆದಂತೆ ಬಡ್ಡಿ, ಲಾಭದ ಓಡಾಟವೂ ಜಾಸ್ತಿ ಆಗಲೇಬೇಕು ಅಲ್ವಾ?

ಬಡ್ಡಿದರವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. 2022ರ ಆರಂಭದಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಿನ ದರ ಸೊನ್ನೆಯ ಹತ್ತಿರ ಇತ್ತು. 2023ರ ಜುಲೈ ಹೊತ್ತಿಗೆ ಶೇ 5ನ್ನು ದಾಟಿತ್ತು. ಅಮೆರಿಕ ಹೊರಗಿನವರಿಗೆ ಕೊಡುವ ಬಡ್ಡಿಯೂ ಅದರ ಜೊತೆಗೇ ಏರಿತು.

ಕೊಟ್ಟದ್ದನ್ನು ಮಾತ್ರ ನೋಡಬೇಡಿ

ಕೊಟ್ಟದ್ದು ಜಾಸ್ತಿ ಎಂದ ಮಾತ್ರಕ್ಕೆ ದೇಶ ಸೋತಿದೆ ಎಂದಲ್ಲ. ಬಂದದ್ದರಿಂದ ಕೊಟ್ಟದ್ದನ್ನು ಕಳೆಯಿರಿ. ಅಮೆರಿಕ 1980ರ ದಶಕದಿಂದಲೂ ಜಗತ್ತಿಗೆ ಸಾಲಗಾರ. ಆದರೂ ದಶಕಗಳ ಕಾಲ ಅದಕ್ಕೆ ಬಂದ ಆದಾಯವೇ ಹೆಚ್ಚಿತ್ತು. ಹೊರಗಿನವರು ಅಲ್ಲಿನ ಕಡಿಮೆ ಬಡ್ಡಿಯ ಸರ್ಕಾರಿ ಬಾಂಡ್‌ಗಳನ್ನು ರಾಶಿ ರಾಶಿ ಇಟ್ಟುಕೊಂಡಿದ್ದಾರೆ. ಅಮೆರಿಕದವರು ಹೊರಗೆ ಇಟ್ಟುಕೊಂಡಿರುವುದು ಹೆಚ್ಚು ಲಾಭ ತರುವ ಕಂಪನಿಗಳನ್ನು.

ಜಪಾನಿನದ್ದು ಇನ್ನೊಂದು ಬಗೆ. 2011ರ ಭೂಕಂಪ, ಸುನಾಮಿಯ ವರ್ಷ ಅದಕ್ಕೆ 31 ವರ್ಷಗಳಲ್ಲಿ ಮೊದಲ ಬಾರಿ ಸರಕು ವ್ಯಾಪಾರದಲ್ಲಿ ಕೊರತೆ ಬಂತು. ಚಾಲ್ತಿ ಖಾತೆ ಮಾತ್ರ ಮುಳುಗಲಿಲ್ಲ. ಹೊರದೇಶಗಳ ಕಾರ್ಖಾನೆ, ಬಾಂಡ್‌ಗಳಿಂದ ಬರುವ ಗಳಿಕೆ ಅದನ್ನು ಎತ್ತಿ ಹಿಡಿಯಿತು. 2024ರಲ್ಲಿ ಪ್ರಾಥಮಿಕ ಆದಾಯದ ಉಳಿಕೆ ಸುಮಾರು 40 ಲಕ್ಷ ಕೋಟಿ ಯೆನ್. ಇಲ್ಲೊಂದು ಎಚ್ಚರ ಬೇಕು. 2021ರಲ್ಲಿ ಡಾಲರಿಗೆ 110ರ ಆಸುಪಾಸು ಇದ್ದ ಯೆನ್ 2024ರಲ್ಲಿ 160ರವರೆಗೂ ಕುಸಿಯಿತು. ಅದೇ ಡಾಲರ್ ಗಳಿಕೆ ಯೆನ್ ಲೆಕ್ಕದಲ್ಲಿ ಉಬ್ಬಿ ಕಾಣುತ್ತದೆ. ಎರಡೂ ಹಣದಲ್ಲಿ ನೋಡಿ.

ಐರ್ಲೆಂಡಿನಲ್ಲಿ ಸ್ವಲ್ಪ ನಿಲ್ಲಿ

ಈ ವಿಷಯ ಕಲಿಯಲು ಐರ್ಲೆಂಡಿನಂಥ ದೇಶ ಇನ್ನೊಂದಿಲ್ಲ. 2003ರಲ್ಲಿ ಅಲ್ಲಿ ಕಂಪನಿ ತೆರಿಗೆ ಶೇ 12.5ಕ್ಕೆ ಇಳಿಯಿತು. ದೊಡ್ಡ ಬಹುರಾಷ್ಟ್ರೀಯ ಕಂಪನಿಗಳು ಪೇಟೆಂಟ್ ಮುಂತಾದ ಹಕ್ಕುಗಳನ್ನೇ ಅಲ್ಲಿಗೆ ಸಾಗಿಸಿದವು. 2015ರಲ್ಲಿ ಜಿಡಿಪಿ ಶೇ 26ರಷ್ಟು ಏರಿತು ಎಂಬ ಲೆಕ್ಕ ಬಂತು. ಡಬ್ಲಿನ್ನಿನ ಜನರ ಜೇಬಿಗೆ ಅಷ್ಟು ಬಂದಿರಲಿಲ್ಲ.

ಸಾಮಾನ್ಯವಾಗಿ ಜಿಡಿಪಿಗೆ ನಿವ್ವಳ ಪ್ರಾಥಮಿಕ ಆದಾಯ (ಬಂದದ್ದರಲ್ಲಿ ಕೊಟ್ಟದ್ದು ಕಳೆದದ್ದು) ಕೂಡಿಸಿದರೆ ಹೆಚ್ಚುಕಡಿಮೆ ಜಿಎನ್‌ಐ, ಅಂದರೆ ಒಟ್ಟು ರಾಷ್ಟ್ರೀಯ ಆದಾಯ ಸಿಗುತ್ತದೆ. ಅದೇ ಗೇಣಿ ಕಳೆದ ಮೇಲೆ ಉಳಿದ ಭತ್ತ. ಐರ್ಲೆಂಡಿನಲ್ಲಿ ಅದೂ ಸಾಲಲಿಲ್ಲ. ಪೇಟೆಂಟ್‌ಗಳ ಸವಕಳಿ (ವರ್ಷವರ್ಷ ಕಡಿಮೆಯಾಗುವ ಆಸ್ತಿಯ ಮೌಲ್ಯ), ಬಾಡಿಗೆಗೆ ಕೊಡುವ ವಿಮಾನಗಳ ಸವಕಳಿ ಲಾಭದಂತೆ ಹೊರಗೆ ಹರಿಯುವುದಿಲ್ಲ. ಲೆಕ್ಕದಲ್ಲಿ ಒಳಗೇ ಉಳಿದು ಜಿಎನ್‌ಐಯನ್ನೂ ಉಬ್ಬಿಸುತ್ತದೆ. ಅದಕ್ಕೇ ಅಲ್ಲಿನ ಅಂಕಿಅಂಶ ಕಚೇರಿ 2017ರಿಂದ ಇವನ್ನೆಲ್ಲ ತೆಗೆದು 'ಮಾರ್ಪಡಿಸಿದ ಜಿಎನ್‌ಐ' ಪ್ರಕಟಿಸತೊಡಗಿತು. ಇತ್ತೀಚಿನ ವರ್ಷಗಳಲ್ಲಿ ಅದು ಜಿಡಿಪಿಯ ಅರ್ಧಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ಒಂದು ಸರ್ಕಾರಿ ಕಚೇರಿ ತನ್ನ ದೇಶದ ಹೊಳೆಯುವ ಅಂಕಿಯನ್ನು ತಾನೇ ಕೆಳಗಿಳಿಸಿ ತೋರಿಸಿತಲ್ಲ, ಅದು ನನಗೆ ತುಂಬಾ ದೊಡ್ಡ ಕೆಲಸವಾಗಿ ಕಾಣುತ್ತದೆ.

ಕೊನೆಯದಾಗಿ, 2018ರ ಗುಂಡಿ

ವಿದೇಶಿ ಒಡೆತನದ ಕಂಪನಿಯ ಲಾಭ ಹೊರಗೆ ಹೋಗದೆ ಅಲ್ಲೇ ಮರುಹೂಡಿಕೆ ಆದರೂ ಅದನ್ನು ಮಾಲೀಕರ ದೇಶಕ್ಕೆ ಕೊಟ್ಟಂತೆಯೇ ಬರೆಯುತ್ತಾರೆ. 2017ರ ಕೊನೆಗೆ ಅಮೆರಿಕ ತೆರಿಗೆ ಕಾನೂನು ಬದಲಿಸಿತು. ಹೊರಗೆ ಕೂಡಿಟ್ಟಿದ್ದ ಹಳೆಯ ಲಾಭವನ್ನು ಕಂಪನಿಗಳು ತರಿಸಿಕೊಂಡವು. 2018ರಲ್ಲಿ ಹೀಗೆ ಬಂದ ಲಾಭಾಂಶ 60,000 ಕೋಟಿ ಡಾಲರಿಗೂ ಹೆಚ್ಚು. ಲಾಭಾಂಶದ ಗೆರೆ ಬೆಟ್ಟದಂತೆ ಏರಿತು, ಮರುಹೂಡಿಕೆಯ ಗೆರೆ ಸೊನ್ನೆಗಿಂತ ಕೆಳಗೆ ಬಿತ್ತು. ಹಳೆಯ ಲಾಭ ಆಗಲೇ ಲೆಕ್ಕಕ್ಕೆ ಸೇರಿದ್ದರಿಂದ ಒಟ್ಟು ಮೊತ್ತ ಇದರಿಂದ ಅಲುಗಾಡಲಿಲ್ಲ. ಹಾಗಾಗಿ ಲಾಭಾಂಶವನ್ನು ಮಾತ್ರ ತೆಗೆದುಕೊಳ್ಳಬೇಡಿ. ಮರುಹೂಡಿಕೆಯನ್ನೂ ಕೂಡಿಸಿದ ಮೊತ್ತವನ್ನೇ ನಿಮ್ಮ ಕೋಷ್ಟಕಕ್ಕೆ ಹಾಕಿ.